ನೇಮಕ್ಕೆ ಜಾಮೀನು

ನಮ್ಮ ಹೇರೂರಿಗೆ ಒಂದು ವರ್ಷದಲ್ಲಿ ನಾಲ್ಕು ಹೊಸ ವರ್ಷ ಬರುತ್ತವೆ. ಮೊದಲನೆಯದು ಜನವರಿಯದು, ಅದು ಕ್ಯಾಲೆಂಡರಿನದು, ಬೆಂಗಳೂರಿನಲ್ಲಿರುವ ಮಕ್ಕಳದು. ಎರಡನೆಯದು ಯುಗಾದಿಯದು, ಅದು ಪಂಚಾಂಗದ್ದು, ಬೇವು-ಬೆಲ್ಲದ್ದು. ಮೂರನೆಯದು ಏಪ್ರಿಲ್ ಒಂದರದು, ಸೊಸೈಟಿಯದು. ಮಾರ್ಚ್ 31ರೊಳಗೆ ಬೆಳೆಸಾಲ ತುಂಬಿ, ಮತ್ತೆ ಅಷ್ಟನ್ನೇ ಎತ್ತಿಕೊಂಡು ಬರುವ ನಮ್ಮಂಥವರಿಗೆ ಅದರಷ್ಟು ಖರೆಯಾದ ಹೊಸ ವರ್ಷ ಬೇರೆ ಇಲ್ಲ. ನಾಲ್ಕನೆಯದಕ್ಕೆ ತಾರೀಖಿಲ್ಲ. ಮಳೆ ಹಿಡಿದು ತೋಟದ ಕಾದಿಗೆಯಲ್ಲಿ ಕೆಂಪು ನೀರು ಹರಿದ ದಿನ ಅದು ತಾನಾಗಿ ಬರುತ್ತದೆ. ಅವತ್ತು ಯಾರೂ ಯಾರಿಗೂ ಶುಭಾಶಯ ಹೇಳುವುದಿಲ್ಲ, ಕಂಬಳಿ ಹುಡುಕುತ್ತಾರೆ.

ನಾಲ್ಕು ಇರುವುದರಿಂದ ಒಂದು ಉಪಕಾರವುಂಟು. ನೇಮ ಹಿಡಿಯುವ ಚಟವಿದ್ದವನು ಜನವರಿಯಲ್ಲಿ ಬಿದ್ದರೆ ಯುಗಾದಿಗೆ ಎದ್ದು ಕೂರಬಹುದು, ಯುಗಾದಿಯಲ್ಲಿ ತಪ್ಪಿದರೆ ಏಪ್ರಿಲ್ಲಿಗೆ ದಾಟಿಸಬಹುದು. ಸಾಲದ ಕಂತಿನ ಹಾಗೆ. ನಾನು ಹೀಗೆ ಎಷ್ಟೋ ವರ್ಷ ನಡೆಸಿದ್ದೇನೆ. ಈ ಸಲ ಮಾತ್ರ ತೊಡಕಾಯಿತು. ವಿಶ್ವಾವಸು ಮುಗಿದು 2026ರ ಮಾರ್ಚ್ 19ಕ್ಕೆ ಬರುವ ಸಂವತ್ಸರದ ಹೆಸರು ಪರಾಭವ. ಸೋಲು ಎಂದೇ ಹೆಸರಿಟ್ಟುಕೊಂಡು ಬರುವ ವರ್ಷದಲ್ಲಿ ಯಾವ ನೇಮ ಹಿಡಿಯುವುದು? ಗಾಯಕ್ಕೆ ಉಪ್ಪು ಎಂಬಂತೆ, ನಾನು ಹುಟ್ಟಿದ್ದೂ ಪರಾಭವದಲ್ಲಿಯೇ, 1966ರಲ್ಲಿ. ಅರವತ್ತು ಸಂವತ್ಸರ ಒಂದು ಸುತ್ತು ಹಾಕಿ ಮತ್ತೆ ನನ್ನ ಜಗಲಿಗೇ ಬಂದಿದೆ. ಷಷ್ಟ್ಯಬ್ದಿ ಶಾಂತಿ ಮಾಡಿಸಬೇಕು ಎಂದು ಪುರೋಹಿತರು ಎರಡು ಸಲ ನೆನಪಿಸಿ ಹೋದರು. ಶಾಂತಿ ಮಾಡಿಸಿದರೆ ವರ್ಷದ ಹೆಸರು ಬದಲಾಗುತ್ತದೆಯೇ ಎಂದು ಕೇಳಿದ್ದಕ್ಕೆ, ನಿಂಗಳ ತಲೆಹರಟೆ ಅರವತ್ತಾದರೂ ಹೋಗಲಿಲ್ಲ ಎಂದು ನಕ್ಕರು.

ಮಗಳು ಡಿಸೆಂಬರ್ ಕೊನೆಯಲ್ಲಿ ಒಂದು ಡೈರಿ ಕಳಿಸಿದಳು. ದಪ್ಪ ರಟ್ಟು, ನಡುವೆ ಗುರುತಿಗೊಂದು ರಿಬ್ಬನ್ನು. ಮೊದಲ ಪುಟದಲ್ಲಿ ಚಂದದ ಅಕ್ಷರದಲ್ಲಿ ‘ಈ ವರ್ಷ ನಾನು ಬದುಕಬೇಕೆಂದಿರುವ ತತ್ವಗಳು’ ಎಂಬರ್ಥದ ಇಂಗ್ಲಿಷ್ ಸಾಲು, ಅದರ ಕೆಳಗೆ ಒಂದರಿಂದ ಹತ್ತರವರೆಗೆ ಅಂಕಿ ಹಾಕಿದ ಖಾಲಿ ಗೆರೆಗಳು. ಸಂಜೆ ಫೋನು ಬಂತು. “ಅಪ್ಪಯ್ಯಾ, ಡೈರಿ ಬಂತಾ? ಮೊದಲನೇ ಪುಟ ಖಾಲಿ ಬಿಡಡ ಮತ್ತೆ.”

ಜನವರಿ ಒಂದರ ರಾತ್ರಿ ನಮ್ಮ ಕಡೆ ಹೊಸ ವರ್ಷ ಆಚರಿಸಲು ಯಾರಿಗೂ ಕೈ ಬಿಡುವಿರುವುದಿಲ್ಲ. ಕೊನೆ ಕೊಯ್ಲಿನ ಕಾಲ. ಅಂಗಳದಲ್ಲಿ ಅಡಿಕೆ ಗೊನೆಯ ರಾಶಿ, ದೀಪದ ಕೆಳಗೆ ಮೆಟ್ಟುಗತ್ತಿಯ ಸಾಲು, ಸುಲಿದ ಸಿಪ್ಪೆಯ ಹಸಿ ವಾಸನೆ. ಅತ್ತ ಹಂಡೆಯಲ್ಲಿ ಅಡಿಕೆ ಬೇಯುತ್ತಿರುತ್ತದೆ. ತೊಗರಿನ ಒಗರು ಗಂಟಲಿಗೇ ಬಂದು ಕೂರುತ್ತದೆ. ಆ ಹಂಡೆಯ ಒಲೆಯ ಬೆಳಕಿನಲ್ಲಿ ನಾನು ಡೈರಿ ಬಿಚ್ಚಿ ಕುಳಿತೆ. ಹತ್ತು ಗೆರೆ. ಮೊದಲನೆಯದಕ್ಕೆ ‘ಸತ್ಯ’ ಎಂದು ಬರೆದೆ. ಬರೆದಾಗಲೇ ಸುಳ್ಳೆನಿಸಿತು. ಹೊಡೆದು ಹಾಕಿದೆ. ಹೊಸ ಡೈರಿಯ ಮೊದಲ ಗೆರೆಯಲ್ಲೇ ಕಾಟು.

ಕೊನೆಗೌಡ ಬೀಡಿಗೆ ಬೆಂಕಿ ತೆಗೆದುಕೊಳ್ಳಲು ಒಲೆಯ ಹತ್ತಿರ ಬಂದ. ಈಗ ಉದ್ದದ ದೋಟಿ ಬಂದು ನೆಲದ ಮೇಲೆ ನಿಂತೇ ಕೊನೆ ಇಳಿಸುವವರಿದ್ದಾರೆ. ಇವನು ಹಳೆಯ ಕ್ರಮದವನು, ಮರ ಹತ್ತಿ, ಒಂದು ಮರದಿಂದ ಇನ್ನೊಂದಕ್ಕೆ ಬಾಗಿ ಹಾರಿ, ಹತ್ತಾರು ಮರ ಮುಗಿಸಿದ ಮೇಲೆ ನೆಲ ಕಾಣುವವನು. ಹೊಸ ವರ್ಷಕ್ಕೆ ನೀನೆಂತ ನೇಮ ಮಾಡಿದ್ದೆ ಮಾರಾಯಾ ಎಂದು ಕೇಳಿದೆ. ಅವನು ಬೀಡಿ ಹಚ್ಚಿಕೊಳ್ಳುವವರೆಗೂ ಉತ್ತರ ಕೊಡಲಿಲ್ಲ. ಆಮೇಲೆ, “ನಮ್ದೆಂತ ಹೆಗ್ಡೇರೆ, ಹತ್ತಿದ ಮರ ಇಳೀಬೇಕು. ಅಷ್ಟೆಯ” ಎಂದು ಹೋದ. ಅದನ್ನೇ ಎರಡನೇ ಗೆರೆಯಲ್ಲಿ ಬರೆದುಕೊಳ್ಳೋಣವೆನಿಸಿತು. ಆದರೆ ಅದು ಅವನ ನೇಮ. ನಾನು ಏಣಿ ಮೇಲೆ ಮೂರನೇ ಮೆಟ್ಟಿಲು ಹತ್ತಿದರೆ ಕೆಳಗೆ ಇಬ್ಬರು ಹಿಡಿದುಕೊಳ್ಳಬೇಕು.

ಹಿಂದಿನ ವರ್ಷಗಳ ನನ್ನ ನೇಮಗಳ ಚರಿತ್ರೆ ಹೇಳಿಕೊಳ್ಳುವಂಥದಲ್ಲ, ಆದರೂ ಒಂದನ್ನು ಹೇಳುತ್ತೇನೆ. ಒಂದು ಡಿಸೆಂಬರಿನಲ್ಲಿ ಡಾಕ್ಟರು ನನ್ನ ರಕ್ತದ ಚೀಟಿ ನೋಡಿ ಸಕ್ಕರೆ ಗಡಿ ಮುಟ್ಟಿದೆ ಎಂದರು. ಜನವರಿ ಒಂದಕ್ಕೆ ಸಿಹಿ ಬಿಟ್ಟೆ. ಶುದ್ಧ ಮೂರ್ಖತನ. ಸಿಹಿ ಬಿಡುವವನು ಆಷಾಢದಲ್ಲಿ ಬಿಡಬೇಕು, ಆಲೆಮನೆ ಹೂಡುವ ಹೊತ್ತಿನಲ್ಲಿ ಅಲ್ಲ. ಹದಿನೈದು ದಿನ ಕಳೆಯುವುದರೊಳಗೆ ಮೂರು ಕಡೆಯಿಂದ ಕರೆ ಬಂತು. ಆಲೆಮನೆಗೆ ಕರೆದರೆ ಹೋಗದಿರುವುದು ನಮ್ಮಲ್ಲಿ ಮದುವೆ ತಪ್ಪಿಸಿದ ಹಾಗೆ. ಹೋದೆ. ಕಬ್ಬಿನ ಹಾಲು ಬೇಡವೆಂದೆ. ಮಂಡಕ್ಕಿ-ಮಿರ್ಚಿ ತಿಂದೆ. ಬೆಂಕಿ ಹತ್ತಿದ ನಾಲಗೆಗೆ ಏನಾದರೂ ಬೇಕಲ್ಲ, ಒಂದು ಲೋಟ ಕಬ್ಬಿನ ಹಾಲು ಕುಡಿದೆ. ಕೊಪ್ಪರಿಗೆಯಲ್ಲಿ ನೊರೆ ಉಕ್ಕುವಾಗ ಕಬ್ಬಿನ ತುಂಡಿಗೆ ಸುತ್ತಿ ಕೊಟ್ಟ ನೊರೆಬೆಲ್ಲವನ್ನು ಬೇಡವೆನ್ನಲು ಬಾಯಿ ತೆರೆದೆ. ತೆರೆದ ಬಾಯಿಗೆ ಅದು ಹೋಯಿತು. ಹೊರಡುವಾಗ ಜೋನಿಬೆಲ್ಲದ ಡಬ್ಬಿಯೊಂದು ಕೈಯಲ್ಲಿತ್ತು. ಮರುವಾರ ಮನೆಯಲ್ಲಿ ತೊಡೆದೇವು. ಇಡೀ ಪ್ರಕರಣಕ್ಕೆ ಸಂಕ್ರಾಂತಿ ದಾಟಿ ನಾಲ್ಕು ದಿನವೂ ಆಗಿರಲಿಲ್ಲ.

ಇಂಥ ಪಟ್ಟಿ ಮಾಡುವ ಹುಚ್ಚು ನನ್ನೊಬ್ಬನದಲ್ಲ ಎಂಬುದೇ ಸಮಾಧಾನ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಹದಿಮೂರು ಗುಣಗಳ ಪಟ್ಟಿ ಮಾಡಿದ್ದ. ಪುಟ್ಟ ಪುಸ್ತಕದಲ್ಲಿ ಕೋಷ್ಟಕ ಹಾಕಿ, ವಾರಕ್ಕೊಂದು ಗುಣ ಹಿಡಿದು, ತಪ್ಪಿದ ದಿನ ಕರಿ ಚುಕ್ಕೆ ಇಡುವುದು. ಹದಿಮೂರು ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಪಕ್ಕಾ ವ್ಯಾಪಾರಿಯ ಕಿರ್ದಿ. ಮೊದಲು ಪಟ್ಟಿಯಲ್ಲಿದ್ದದ್ದು ಹನ್ನೆರಡೇ ಅಂತೆ. ನಿನಗೆ ಜಂಬ ಹೆಚ್ಚು ಎಂದು ಒಬ್ಬ ಕ್ವೇಕರ್ ಗೆಳೆಯ ಹೇಳಿದ ಮೇಲೆ ವಿನಯವನ್ನು ಹದಿಮೂರನೆಯದಾಗಿ ಸೇರಿಸಿಕೊಂಡ. ನಮ್ಮ ಕಡೆ ಇದನ್ನು ಹೇಳಲು ಗೆಳೆಯ ಬೇಕಾಗುವುದಿಲ್ಲ, ಹೆಂಡತಿ ಸಾಕು. ಅವನಿಗೆ ಕೊನೆಯವರೆಗೂ ಕೈಕೊಟ್ಟದ್ದು ಅಚ್ಚುಕಟ್ಟುತನ, ಸಾಮಾನನ್ನು ಅದರ ಜಾಗದಲ್ಲಿಡುವುದು. ಅದಕ್ಕೆ ಅವನೇ ಒಂದು ಕತೆ ಹೇಳುತ್ತಾನೆ. ಒಬ್ಬಾತ ಕೊಡಲಿ ಕೊಂಡು, ಬಾಯಿ ಹೊಳೆಯುವಂತೆ ಇಡೀ ಕೊಡಲಿಯೂ ಹೊಳೆಯಬೇಕೆಂದ. ಕಮ್ಮಾರ, ನೀನೇ ಸಾಣೆಚಕ್ರ ತಿರುಗಿಸು ಎಂದ. ತಿರುಗಿಸಿ ತಿರುಗಿಸಿ ಸಾಕಾದ ಮೇಲೆ, ಚುಕ್ಕೆಚುಕ್ಕೆಯ ಕೊಡಲಿಯೇ ನನಗೆ ಹೆಚ್ಚು ಇಷ್ಟ ಎಂದು ಅದನ್ನೇ ಹೊತ್ತುಕೊಂಡು ಹೋದನಂತೆ. ಮಸೆಕಲ್ಲಿನ ಮುಂದೆ ಕತ್ತಿ ಹಿಡಿದು ಕುಳಿತ ಯಾವನಿಗೂ ಈ ಕತೆ ವಿವರಿಸಬೇಕಿಲ್ಲ.

ನನಗೆ ಅವನ ಆತ್ಮಕತೆಯಲ್ಲಿ ನೆನಪುಳಿದದ್ದು ಪಟ್ಟಿಯಲ್ಲ, ಚಮಚ. ಮಿತವ್ಯಯ ಅವನ ನೇಮ. ಬೆಳಿಗ್ಗೆ ಎರಡು ಕಾಸಿನ ಮಣ್ಣಿನ ಬಟ್ಟಲಲ್ಲಿ ಹಾಲು, ಬ್ರೆಡ್ಡು, ತವರದ ಚಮಚ. ಒಂದು ದಿನ ಎದ್ದು ಬಂದು ನೋಡಿದರೆ ಪಿಂಗಾಣಿ ಬಟ್ಟಲು, ಬೆಳ್ಳಿ ಚಮಚ! ಹೆಂಡತಿ ಅವನಿಗೆ ಹೇಳದೆ 23 ಷಿಲಿಂಗು ಕೊಟ್ಟು ತಂದಿದ್ದಳು. ನೆರೆಮನೆಯವರಿಗೆ ಬೆಳ್ಳಿ ಚಮಚ ಇರುವಾಗ ನನ್ನ ಗಂಡನೇನು ಕಡಿಮೆ ಎಂಬುದಷ್ಟೇ ಅವಳ ಸಮಜಾಯಿಷಿ. ಅದೇ ಹೆಂಡತಿ ಅವನ ಅಂಗಡಿಯಲ್ಲಿ ಕೂರುತ್ತಿದ್ದಳು, ಚಿಕ್ಕ ಪುಸ್ತಕಗಳನ್ನು ಮಡಚಿ ಹೊಲಿಯುತ್ತಿದ್ದಳು. ಅವನು ಅದನ್ನು ಮರೆಯದೆ ಬರೆದಿದ್ದಾನೆ, ಅದು ಅವನ ದೊಡ್ಡತನ. ಆದರೆ ಪಟ್ಟಿಯಲ್ಲಿ ಅವಳಿಗೊಂದು ಗೆರೆಯಿಲ್ಲ.

ಈ ಮಾತು ನನಗೆ ಹೊಳೆದದ್ದು ಫ್ರಾಂಕ್ಲಿನ್ನನಿಂದಲ್ಲ. ತಾಳಮದ್ದಲೆಯಿಂದ.

ನನಗಾಗ ಇಪ್ಪತ್ತೈದೋ ಇಪ್ಪತ್ತಾರೋ. ಹತ್ತಿರದ ಊರೊಂದರ ಮನೆಯಲ್ಲಿ ‘ಭೀಷ್ಮ ವಿಜಯ’ ಇಟ್ಟಿದ್ದರು. ಅಂಬೆಯ ಅರ್ಥ ಹೇಳುವವರು ನಿವೃತ್ತ ಮಾಸ್ತರು. ಸಣಕಲು ದೇಹ, ಮೂಗಿನ ಮೇಲೆ ಕನ್ನಡಕ, ಎದುರಿಗೆ ಕವಳದ ಬಟ್ಟಲು. ಭೀಷ್ಮನ ಪಾತ್ರಕ್ಕೆ ಕುಳಿತವರು ದೊಡ್ಡ ದನಿಯವರು. ಪ್ರತಿಜ್ಞೆಯ ಮಹಿಮೆಯನ್ನು ಅವರು ಮುಕ್ಕಾಲು ಗಂಟೆ ಎತ್ತಿ ಹಿಡಿದರು: ತಂದೆಗಾಗಿ ರಾಜ್ಯ ಬಿಟ್ಟೆ, ಸಂಸಾರ ಬಿಟ್ಟೆ, ಆಕಾಶದಿಂದ ಹೂಮಳೆ ಸುರಿಯಿತು, ಇತ್ಯಾದಿ. ಜನ ತಲೆದೂಗಿದರು. ಮಾಸ್ತರು ಎಲೆಗೆ ಸುಣ್ಣ ಸವರುತ್ತ ಎಲ್ಲ ಕೇಳಿಸಿಕೊಂಡರು. ಆಮೇಲೆ ತಣ್ಣಗೆ ಕೇಳಿದರು: “ಪ್ರತಿಜ್ಞೆ ನಿನ್ನದು. ಹೂಮಳೆಯೂ ನಿನ್ನ ತಲೆಯ ಮೇಲೇ ಬಿತ್ತು. ಆದರೆ ಆ ಸಾಲದ ಪತ್ರಕ್ಕೆ ನನ್ನನ್ನು ಜಾಮೀನು ಹಾಕುವಾಗ ನನ್ನ ಸಹಿ ತೆಗೆದುಕೊಂಡಿದ್ದೆಯೋ ದೇವವ್ರತಾ?”

ಕುಳಿತವರಲ್ಲಿ ಮುಕ್ಕಾಲು ಜನ ಸೊಸೈಟಿಯಲ್ಲಿ ಒಬ್ಬರಿಗೊಬ್ಬರು ಜಾಮೀನು ನಿಂತವರು. ಮೊದಲು ನಗು ಬಂತು. ಆ ನಗು ಅರ್ಧಕ್ಕೇ ನಿಂತಿತು. ಭೀಷ್ಮ ಆ ರಾತ್ರಿ ಏನೇನೋ ಸಮಾಧಾನ ಹೇಳಿದ. ಧರ್ಮಸೂಕ್ಷ್ಮ ತಂದ, ಗುರು ಪರಶುರಾಮನೊಡನೆ ಯುದ್ಧಕ್ಕೂ ನಿಂತ. ಪ್ರಸಂಗದ ಹೆಸರಿನಂತೆ ಗೆದ್ದೂ ಗೆದ್ದ. ಮಾಸ್ತರ ಪ್ರಶ್ನೆಗೆ ಮಾತ್ರ ಉತ್ತರ ಬರಲಿಲ್ಲ. ಬೆಳಗಿನ ಜಾವ ಸೂಡಿ ಹಿಡಿದು ಮನೆಗೆ ನಡೆದು ಬರುವಾಗ ಅಪ್ಪಯ್ಯ ನನ್ನ ಮುಂದೆ ಹೋಗುತ್ತಿದ್ದ. ತಾಳಮದ್ದಲೆ ಮುಗಿಸಿ ಬರುವಾಗ ದಾರಿಯುದ್ದಕ್ಕೂ ವಿಮರ್ಶೆ ಮಾಡುವ ಮನುಷ್ಯ ಅವತ್ತು ಮಾತಾಡಲಿಲ್ಲ.

ಅಪ್ಪಯ್ಯನದೂ ಒಂದು ನೇಮವಿತ್ತು. ಮಧ್ಯಾಹ್ನದ ಹೊತ್ತಿಗೆ ಜಗಲಿ ಹತ್ತಿದವರು ಉಣ್ಣದೆ ಇಳಿಯಬಾರದು. ಅಡಿಕೆ ವ್ಯಾಪಾರಿ, ಪಾತ್ರೆ ಮಾರುವವನು, ದಾರಿ ತಪ್ಪಿ ಬಂದ ಸರ್ವೆಯವರು, ದೂರದ ನೆಂಟರ ಇನ್ನೂ ದೂರದ ನೆಂಟರು, ಯಾರಾದರೂ ಸರಿ. ಆಸರಿಗೆ ಎಂದು ನೀರು ಬೆಲ್ಲ ಕೊಟ್ಟು, ಆಮೇಲೆ “ಒಂದು ತುತ್ತು ಉಂಡ್ಕಂಡೇ ಹೋಗಕ್ಕು” ಎನ್ನುವುದು. ಆ ಹೆಸರು ಸುತ್ತಲ ನಾಲ್ಕು ಊರಿಗೆ ಹರಡಿತ್ತು. ಕೆಲವರು ಆ ಹೊತ್ತನ್ನು ನೋಡಿಯೇ ಬರುತ್ತಿದ್ದರೆಂದು ನನ್ನ ಗುಮಾನಿ. ಅಪ್ಪಯ್ಯ ತೀರಿಕೊಂಡು ಹದಿಮೂರನೆಯ ದಿನ ಊಟಕ್ಕೆ ಕುಳಿತವರೆಲ್ಲ ಅದನ್ನೇ ಆಡಿದರು. ಅಂಥ ನೇಮದವರು ಇನ್ನು ಹುಟ್ಟುವುದಿಲ್ಲ ಎಂದರು.

ಆಯಿ ಒಳಗೆ ಬಾಗಿಲ ಸಂದಿಯಲ್ಲಿ ಕೂತಿದ್ದಳು. ನೇಮ ಅಪ್ಪಯ್ಯನದು, ಅದನ್ನು ಬೇಯಿಸಿದವಳು ಅವಳು. ಎರಡು ಗಂಟೆಗೆ ಪಾತ್ರೆ ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ಕುಳಿತಾಗ ಜಗಲಿಯಿಂದ ಅಪ್ಪಯ್ಯನ ದನಿ ಬರುವುದು: “ಇನ್ನಿಬ್ಬರಿಗೆ ಎಲೆ ಹಾಕು.” ಮತ್ತೆ ಒಲೆ ಉರುಬುವುದು. ಅನ್ನ ಕುದಿಯುವುದರೊಳಗೆ ಹಿತ್ತಿಲಿಗೆ ಓಡಿ ಒಂದು ಮುಷ್ಟಿ ಒಂದೆಲಗ ಕಿತ್ತು, ಕಾಯಿ ಹಾಕಿ ಬೀಸಿ, ಮಜ್ಜಿಗೆ ಕೂಡಿ ತಂಬುಳಿ ಮಾಡುವುದು. ತಂಬುಳಿಯನ್ನು ಈಗ ಬೆಂಗಳೂರಿನಲ್ಲಿ ಮಲೆನಾಡಿನ ಆರೋಗ್ಯದ ಗುಟ್ಟು ಎಂದು ಬರೆಯುತ್ತಾರೆ. ನನ್ನ ಕಣ್ಣಿಗೆ ಅದು ಹೊತ್ತಲ್ಲದ ಹೊತ್ತಿನಲ್ಲಿ ನೆಂಟರು ಬಂದ ಮನೆಯ ಹೆಂಗಸು ಕಂಡುಹಿಡಿದ ಉಪಾಯ. ಆಯಿಗೆ ಆ ದಿನ ಊಟ ಮೂರೂವರೆಗೆ. ಕೆಲವೊಮ್ಮೆ ಉಳಿದ ತಂಬುಳಿಯನ್ನಷ್ಟೇ ಕುಡಿದು ಏಳುತ್ತಿದ್ದಳು. ಹದಿಮೂರನೆಯ ದಿನದ ಹೊಗಳಿಕೆಗೆ ಅವಳು ಏನೂ ಅನ್ನಲಿಲ್ಲ. ಜನ ಹೋದ ಮೇಲೆ ನನ್ನ ಹೆಂಡತಿಯ ಹತ್ತಿರ ಮೆಲ್ಲಗೆ, “ಇನ್ನು ಎರಡು ಗಂಟೆಗೆ ಒಲೆ ಆರಿಸ್ಲಕ್ಕು” ಎಂದಳಂತೆ. ದುಃಖದಲ್ಲಿ ಹೇಳಿದಳೋ ಬಿಡುಗಡೆಯಲ್ಲಿ ಹೇಳಿದಳೋ, ಹೆಂಡತಿಗೆ ತಿಳಿಯಲಿಲ್ಲ. ನನಗೆ ಕೇಳುವ ಧೈರ್ಯ ಬರಲಿಲ್ಲ.

ಅಲ್ಲಿಂದ ಈಚೆಗೆ ಯಾವ ನೇಮ ಕಂಡರೂ ನನ್ನ ಕಣ್ಣು ಮೊದಲು ಹೋಗುವುದು ಪತ್ರದ ಕೆಳಗಿನ ಎರಡನೇ ಸಹಿಗೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಸ್ನಾನ ಮಾಡುತ್ತೇನೆ ಎಂದವನ ಮನೆಯಲ್ಲಿ ಬಚ್ಚಲ ಹಂಡೆಗೆ ಬೆಂಕಿ ಹಾಕುವವರು ಯಾರು? ಹೊರಗಿನ ತಿಂಡಿ ಮುಟ್ಟುವುದಿಲ್ಲ ಎಂದು ಪಣ ತೊಟ್ಟವನಿಗೆ ಡಬ್ಬಿ ಕಟ್ಟುವವರು ಯಾರು? ಏಕಾದಶಿ ಉಪವಾಸವೆಂಬವನಿಗೆ ಅವಲಕ್ಕಿ ಒಗ್ಗರಣೆ, ಸಾಬಕ್ಕಿ ಪಾಯಸ, ಬಾಳೆಹಣ್ಣಿನ ರಸಾಯನ ಆಗಬೇಕು. ಉಪವಾಸವಿಲ್ಲದ ದಿನ ಅಡುಗೆಮನೆಗೆ ಅಷ್ಟು ಕೆಲಸವಿರುವುದಿಲ್ಲ.

ಇದನ್ನೆಲ್ಲ ಬರೆದು ಮುಗಿಸಿ ನನ್ನ ಬೆನ್ನು ನಾನೇ ತಟ್ಟಿಕೊಳ್ಳಬಹುದಿತ್ತು. ಕವಳ ಅಡ್ಡ ಬಂತು.

ಮೂರು ವರ್ಷದ ಹಿಂದೆ, ಜನವರಿಯಲ್ಲಿಯೇ, ನಾನು ಕವಳ ಬಿಟ್ಟೆ. ನಾನು ಹಿಡಿದು ಉಳಿಸಿಕೊಂಡ ನೇಮ ಅದೊಂದೇ. ಮೊದಲ ಹನ್ನೊಂದು ದಿನ ಮನೆಯ ಬೆಕ್ಕೂ ನನ್ನ ಹತ್ತಿರ ಬರಲಿಲ್ಲ. “ಕವಳ ಬಿಟ್ಟಿದ್ದು ನಿಂಗೋ, ಮನೆಯವಕ್ಕೆ ಎಂತಕ್ಕೆ ಶಿಕ್ಷೆ?” ಎಂದು ಹೆಂಡತಿ ಕೇಳಿದಳು. ಅದು ಕಳೆಯಿತು. ಹೆಮ್ಮೆಯಾಯಿತು. ಯಾಕೆ ಬಿಟ್ಟೆ ಎಂದು ಕೇಳಿದವರಿಗೆಲ್ಲ ಕಾರಣ ಹೇಳಿದೆ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕಿಲ್ಲದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕವೇ ಎಂದು ಮೊದಲ ಗುಂಪಿಗೆ ಸೇರಿಸಿದೆ. ಜಗಲಿಯಲ್ಲಿ ಕುಳಿತು ಇದನ್ನು ಹೇಳುವಾಗ ನನ್ನ ಬೆನ್ನಿಗೆ ಒರಗು ಕೊಟ್ಟದ್ದು ಚಾಲಿ ಅಡಿಕೆಯ ಮೂಟೆ.

ಆ ಮೂಟೆಗಳು ಶಿರಸಿ ಪೇಟೆಗೆ ಹೋಗುತ್ತವೆ. 1923ರಲ್ಲಿ ತೋಟಿಗರು ಕೂಡಿ ಕಟ್ಟಿದ ಮಾರಾಟ ಸಂಘದ ಅಂಗಳದಲ್ಲಿ ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳಿಗೋಟು, ಕೋಕಾ ಎಂದು ಬೇರೆಬೇರೆಯಾಗಿ ಹರಡುತ್ತವೆ, ದರವಾಗುತ್ತದೆ, ಲಾರಿ ಹತ್ತುತ್ತವೆ. ನನ್ನ ಮಗಳ ಇಂಜಿನಿಯರಿಂಗ್ ಆ ಲಾರಿಯಲ್ಲಿ ಹೋಯಿತು, ಆಯಿಯ ಕಣ್ಣಿನ ಆಪರೇಷನ್ನು ಆ ಲಾರಿಯಲ್ಲಿ ಹೋಯಿತು. ಅತ್ತ ಉತ್ತರದಲ್ಲಿ ಎಲ್ಲೋ ಒಬ್ಬ ಹುಡುಗ ಗುಟ್ಕಾ ಚೀಟಿ ಹರಿದು ಬಾಯಿಗೆ ಸುರಿದುಕೊಳ್ಳುತ್ತಾನೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಅಡಿಕೆಯ ಚೀಟಿ ಬೇರೆ, ತಂಬಾಕಿನ ಚೀಟಿ ಬೇರೆ ಮಾಡಿ ಮಾರಿದರು. ತಿನ್ನುವವನು ಎರಡನ್ನೂ ಕೂಡಿಸಿಕೊಂಡ. ನಾನು ಕವಳ ಬಿಟ್ಟೆ, ಅಡಿಕೆ ಬಿಡಲಿಲ್ಲ. ಬಿಡುವ ಮಾತು ಹೇಳಲಾರೆ. ಈ ಕಣಿವೆಯ ತೋಟದಲ್ಲಿ ಅಡಿಕೆ, ಮೆಣಸಿನ ಬಳ್ಳಿ, ನಡುವೆ ಯಾಲಕ್ಕಿ ಬಿಟ್ಟರೆ ಬೇರೆ ಬದುಕು ನಮಗೆ ಗೊತ್ತಿಲ್ಲ. ನನ್ನ ಹಲ್ಲು ಬೆಳ್ಳಗಾಯಿತು. ಮುಖ ಕಾಣದ ಆ ಹುಡುಗ ಸಹಿ ಹಾಕದೆ ಜಾಮೀನು ನಿಂತಿದ್ದಾನೆ. ಇದಕ್ಕೆ ನನ್ನಲ್ಲಿ ಸಮಾಧಾನವಿಲ್ಲ. ಸಮಾಧಾನ ಹುಡುಕಿಕೊಂಡವರ ಮಾತು ಕೇಳಿದ್ದೇನೆ. ಪರಂಪರೆ ಎನ್ನುತ್ತಾರೆ, ಪೂಜೆಗೆ ಬೇಕು ಎನ್ನುತ್ತಾರೆ, ಆಯುರ್ವೇದ ತೆಗೆಯುತ್ತಾರೆ. ತೆಗೆಯಲಿ. ಪೂಜೆಗೆ ಲಾರಿಗಟ್ಟಲೆ ಬೇಕಾಗುವುದಿಲ್ಲ.

ತೋಟವೇ ಜಾಮೀನಿನ ಮೇಲೆ ನಿಂತದ್ದು ಎಂಬುದೂ ಹೀಗೆ ಯೋಚಿಸುವಾಗ ನೆನಪಾಯಿತು. ಬ್ರಿಟಿಷರ ಕಾಲದಿಂದ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ಸೊಪ್ಪಿನ ಬೆಟ್ಟದ ಲೆಕ್ಕ. ಒಂದರ ಹಸಿರಿಗೆ ಒಂಬತ್ತು ಬರಿದಾಗಬೇಕು. ಮರದ ಕುಡಿ ಕಡಿಯಬಾರದು, ತುದಿ ಬಿಟ್ಟು ಸೊಪ್ಪು ಇಳಿಸಬೇಕು ಎಂದು ಅಜ್ಜ ಆಳಿನ ಬೆನ್ನ ಹಿಂದೆಯೇ ನಿಂತು ಹೇಳುತ್ತಿದ್ದನಂತೆ. ನಾವು ಎಲ್ಲರೂ ಹಾಗೆ ನಿಲ್ಲಲಿಲ್ಲ. ಕುಡಿ ಹೋದ ಬೆಟ್ಟಗಳು ಎಷ್ಟೋ ಇವೆ. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಕಾಡಿಗೆ ನಡೆದು, ಕಡಿಯುವುದನ್ನು ತಡೆಯಲು ಮರ ಅಪ್ಪಿಕೊಂಡಾಗ ನಾನು ಹದಿನೇಳರ ಹುಡುಗ. ನಮ್ಮಲ್ಲಿ ಮರ ಅಪ್ಪಲು ಚಳವಳಿ ಬೇಕಾ, ಕೊನೆಗೌಡ ದಿನಾ ಅಪ್ಪುತ್ತಾನಲ್ಲ ಎಂದು ನಕ್ಕವರ ಗುಂಪಿನಲ್ಲಿದ್ದೆ.

ಹಾಗಾದರೆ ತನ್ನ ನೇಮಕ್ಕೆ ತಾನೇ ಜಾಮೀನು ನಿಂತವರು ಇಲ್ಲವೇ? ಇದ್ದಾರೆ, ನಮ್ಮ ಸಿದ್ದಾಪುರ ತಾಲೂಕಿನಲ್ಲೇ ಇದ್ದರು. ಮಾವಿನಗುಂಡಿ ಎಂದರೆ ಈಗಿನವರಿಗೆ ಜೋಗಕ್ಕೆ ಹೋಗುವಾಗ ಚಹಾ ಕುಡಿಯಲು ನಿಲ್ಲಿಸುವ ತಿರುವು. 1930ರ ದಶಕದ ಆರಂಭದಲ್ಲಿ, ಸಿದ್ದಾಪುರ ಮತ್ತು ಅಂಕೋಲೆಯ ರೈತರು ಸರ್ಕಾರಕ್ಕೆ ಭೂಕಂದಾಯ ಕೊಡುವುದಿಲ್ಲ ಎಂದು ಕುಳಿತರು. ಕರನಿರಾಕರಣೆ. ಸರ್ಕಾರ ಜಪ್ತಿಗೆ ಇಳಿಯಿತು. ಪಾತ್ರೆ ಹೋಯಿತು, ದನ ಹೋಯಿತು, ಕಡೆಗೆ ಜಮೀನೇ ಹರಾಜಾಯಿತು. ಗಂಡಸರು ಜೈಲಿನಲ್ಲಿ. ಇಲ್ಲಿಯವರೆಗಿನದು ಭೀಷ್ಮ ಪ್ರತಿಜ್ಞೆಯ ದಾರಿಯೇ. ಪ್ರತಿಜ್ಞೆ ಜಗಲಿಯಲ್ಲಿ ಆಯಿತು, ಅಡುಗೆಮನೆಯ ಪಾತ್ರೆ ಹರಾಜಿಗೆ ಹೋಯಿತು. ಆದರೆ ಅಲ್ಲಿ ಅಂಬೆ ಬೆಂಕಿಗೆ ಹಾರಲಿಲ್ಲ. ಮಾವಿನಗುಂಡಿಯಲ್ಲಿ, ಹರಾಜಿನಲ್ಲಿ ಜಮೀನು ಕೊಂಡವರ ಮನೆ ಬಾಗಿಲಿಗೆ ಹೋಗಿ, ಹೆಂಗಸರು ಉಪವಾಸ ಕುಳಿತರು. ಹೊಸ್ತಿಲು ದಾಟಿ ಹೊರಗೆ ಬಂದು ಅಭ್ಯಾಸವಿಲ್ಲದ ಹೆಂಗಸರು ಅವರು. ಬೈಗುಳ ಕೇಳಿದರು, ಏಳಲಿಲ್ಲ. ಎದುರಿದ್ದವನ ಅನ್ನ ಕಿತ್ತುಕೊಳ್ಳದೆ ತಮ್ಮ ಹೊಟ್ಟೆಯನ್ನೇ ಪಣಕ್ಕಿಟ್ಟರು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ, ಹಾಗೆ ಹೋದ ಜಮೀನು ಹಿಂದಿರುಗಿಸಲು ಕಾನೂನೇ ಆಯಿತು. ನಮ್ಮ ಅಮ್ಮಮ್ಮನಿಗೆ ಆ ಕಾಲ ಮಸುಕಾಗಿ ನೆನಪಿತ್ತು. ತಾನು ಹೋಗಿರಲಿಲ್ಲ, ಚಿಕ್ಕವಳು. ಹೋಗಿ ಬಂದ ಒಬ್ಬರನ್ನು, ಅವರು ಮುದುಕಿಯಾದ ಮೇಲೆ, ಅಷ್ಟು ದಿನ ಹೇಗೆ ಕುಳಿತಿದ್ದಿರಿ ಎಂದು ಕೇಳಿದಳಂತೆ. “ಮನೆಯಲ್ಲ್ಯೂ ಕಡೆಗೇ ಉಂಬದಲ್ದಾ, ಹಸಿವು ಗೊತ್ತಿತ್ತು” ಎಂದರಂತೆ.

ಇದೇ ತಾಲೂಕಿನ ದೊಡ್ಮನೆಯಿಂದ ಹೋದ ರಾಮಕೃಷ್ಣ ಹೆಗಡೆ ಮೌಲ್ಯಾಧಾರಿತ ರಾಜಕಾರಣ ಎಂಬ ಮಾತನ್ನು ಕರ್ನಾಟಕಕ್ಕೆಲ್ಲ ಪರಿಚಯಿಸಿದರು. 1984ರ ಲೋಕಸಭೆ ಚುನಾವಣೆಯಲ್ಲಿ ತಮ್ಮ ಪಕ್ಷಕ್ಕೆ 28ರಲ್ಲಿ ನಾಲ್ಕೇ ಸೀಟು ಬಂತೆಂದು ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು; 1985ರಲ್ಲಿ 139 ಸೀಟು ಗೆದ್ದು ಬಂದರು. 1986ರಲ್ಲಿ ಕೊಟ್ಟ ರಾಜೀನಾಮೆ ವಾಪಸಾಯಿತು. 1988ರಲ್ಲಿ ದೂರವಾಣಿ ಕದ್ದಾಲಿಕೆಯ ಗಲಾಟೆಯಲ್ಲಿ ಕೊಟ್ಟದ್ದು ವಾಪಸಾಗಲಿಲ್ಲ. ಮೂರು ರಾಜೀನಾಮೆಗಳ ಬಗ್ಗೆ ನಮ್ಮ ಕಡೆಯ ಜಗಲಿಗಳಲ್ಲಿ ಇನ್ನೂ ವಾದ ಮುಗಿದಿಲ್ಲ, ಮುಗಿಸುವ ಇರಾದೆಯೂ ಯಾರಿಗಿಲ್ಲ. ನಾನು ಅವರನ್ನು ಮೆಚ್ಚುವ ಪಕ್ಷದವನು. ಆದರೂ ಮೌಲ್ಯ ಎಂದ ಕೂಡಲೇ ನನಗೆ ನೆನಪಾಗುವುದು ವಿಧಾನಸೌಧವಲ್ಲ, ಯಾರದೋ ಬಾಗಿಲಲ್ಲಿ ಹಸಿದು ಕುಳಿತ, ಫೋಟೋ ಕೂಡ ಸರಿಯಾಗಿ ಉಳಿಯದ ಆ ಹೆಂಗಸರು.

ಡೈರಿಯ ಹತ್ತು ಗೆರೆ ಹಾಗೇ ಇದ್ದವು. ಜನವರಿ ಐದೋ ಆರೋ, ಆಳಿನ ಲೆಕ್ಕದ ಪುಸ್ತಕ ಸಿಗದೆ ಹೆಂಡತಿ ಡೈರಿಯಲ್ಲೇ ಸುಲಿದವರ ಹೆಸರು, ಅಡಿಕೆಯ ತೂಕ ಬರೆಯತೊಡಗಿದಳು. ಮೊದಲ ಪುಟದ ಹಿಂಬದಿಗೆ ಹಾಲಿನ ಲೆಕ್ಕ ಬಂತು. ನನಗೆ ನಿಶ್ಚಿಂತೆಯಾಯಿತು, ಇನ್ನು ಮಗಳು ಕೇಳಿದರೆ ಪುಟ ಖಾಲಿಯಿಲ್ಲ ಎನ್ನಬಹುದು. ಆದರೂ ಬಿಡದ ಚಟ ನೋಡಿ, ಹೊಡೆದು ಹಾಕಿದ ‘ಸತ್ಯ’ದ ಕೆಳಗೆ, ಪೆನ್ಸಿಲಿನಲ್ಲಿ, ಸಣ್ಣ ಅಕ್ಷರದಲ್ಲಿ ಒಂದೇ ಒಂದು ಸಾಲು ಬರೆದೆ: ಬೆಳಗಿನ ಕಷಾಯ ನಾನೇ ಮಾಡಿಕೊಳ್ಳುವುದು. ಯಾರನ್ನೂ ಎಬ್ಬಿಸದೆ, ಯಾರ ಜಾಮೀನೂ ಇಲ್ಲದೆ. ಇದು ತತ್ವ ಎನಿಸಿಕೊಳ್ಳುತ್ತದೆಯೋ ಇಲ್ಲವೋ, ಅರವತ್ತಕ್ಕೆ ಇಷ್ಟು ಸಾಕು.

ಮಾರನೆಯ ದಿನ ಐದಕ್ಕೆ ಎದ್ದೆ. ತಡಕುತ್ತ ತಡಕುತ್ತ ಒಲೆಯ ಹತ್ತಿರ ಹೋದೆ. ಗ್ಯಾಸಿದೆ, ಆದರೆ ನೇಮ ಎಂದ ಮೇಲೆ ಒಲೆಯೇ ಸರಿ ಎಂಬ ಹಟ. ಕೊತ್ತುಂಬರಿ, ಜೀರಿಗೆ, ಮೆಣಸಿನ ಕಾಳಿನ ಪುಡಿ ಯಾವ ಡಬ್ಬಿಯಲ್ಲಿದೆ ಎಂದು ನಲವತ್ತು ವರ್ಷ ಉಂಡ ಮನೆಯಲ್ಲಿ ನನಗೆ ಗೊತ್ತಿರಲಿಲ್ಲ. ಏಳು ಡಬ್ಬಿ ಬಿಚ್ಚಿ ಮೂಸಿದೆ. ಹಾಲು ಉಕ್ಕಿ ಬೂದಿಯ ಮೇಲೆ ಚೊಂಯ್ ಎಂದಿತು. ಹೊಗೆ ಅಡುಗೆಮನೆ ತುಂಬಿ ನಡುಮನೆಗೆ ಹೋಯಿತು. ಒಂದು ಲೋಟ ಮಾಡಲು ಹೋದದ್ದು ಎರಡಾಯಿತು. ಎರಡನೆಯದನ್ನು ಮುಚ್ಚಿಟ್ಟು ಜಗಲಿಗೆ ಬಂದು ಕುಳಿತೆ. ಖಾರ ಸ್ವಲ್ಪ ಜಾಸ್ತಿ, ಆದರೆ ಕಷಾಯವೆಂದು ಗುರುತು ಹಿಡಿಯಬಹುದಿತ್ತು. ಅಂಗಳದಲ್ಲಿ ಹರಡಿದ ಅಡಿಕೆಯ ಮೇಲೆ ಇಬ್ಬನಿ. ತೋಟದ ಕಡೆಯಿಂದ ಕೊನೆಗೌಡ ಕೆಮ್ಮುವ ಸದ್ದು. ಒಳ್ಳೆಯ ಬೆಳಗು.

ಒಳಗೆ ಹೆಂಡತಿ ಎದ್ದ ಸದ್ದಾಯಿತು, ಎಂದಿಗಿಂತ ಅರ್ಧ ಗಂಟೆ ಮೊದಲೇ. ಆಮೇಲೆ ಒಂದೊಂದಾಗಿ ಡಬ್ಬಿ ಮುಚ್ಚುವ ಸದ್ದು. ಏಳು ಎಣಿಸಿದೆ. ಆಮೇಲೆ ಒಲೆಕಟ್ಟೆ ಬಳಿದು ಒರೆಸುವ ಸದ್ದು. ಕಡೆಗೆ ಅವಳು ಮುಚ್ಚಿಟ್ಟ ಲೋಟ ಹಿಡಿದುಕೊಂಡು ಜಗಲಿಗೆ ಬಂದು, ಕಂಬಕ್ಕೆ ಒರಗಿ, ಒಂದು ಗುಟುಕು ಕುಡಿದಳು.

“ನಾಳೆ ಒಂದು ಕೂಗು ಹಾಕಿ. ಆನೇ ಮಾಡಿದ್ರೆ ಬೇಗ ಆಗ್ತು” ಎಂದಳು.